ಹಿಂದಿನ ಬೆಂಚಿನಲ್ಲಿ ಒಂದು ಗಂಟೆ

ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯಿನಿಯವರೇ, ಶಿಕ್ಷಣ ಕಚೇರಿಯಿಂದ ಬಂದಿರುವ ಮಾನ್ಯ ಅತಿಥಿಗಳೇ, ಗುರುಗಳೇ, ಸದ್ದಿಲ್ಲದೆ ಕುಳಿತಿರುವ ಮಕ್ಕಳೇ, ಸದ್ದು ಮಾಡುತ್ತಲೇ ಇರುವ ಅವರ ತಂದೆತಾಯಿಗಳೇ, ಸಭಿಕರೇ,

ಮೈಕು ಬೇಕಾಗಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಬಸ್ ಕಂಡಕ್ಟರ್. ಮುಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವರೂ ಟಿಕೆಟ್ ತೆಗೆದುಕೊಳ್ಳುತ್ತಾರೆ. ಈ ಶಾಲೆಯ ಪೋಷಕರ ಸಂಘಕ್ಕೆ ಎರಡು ವರ್ಷ ತುಂಬಿತು, ಅಧ್ಯಕ್ಷನಾಗಿ ನಾಲ್ಕು ಮಾತಾಡು ಎಂದಿದ್ದಾರೆ. ನಾಲ್ಕೇ ಮಾತು ಎಂದು ನಾನಂತೂ ಒಪ್ಪಿಕೊಂಡಿಲ್ಲ!

ಸಂಘ ಶುರುವಾದದ್ದು ಹೇಗೆ ಎಂದು ಅತಿಥಿಗಳು ಚಹಾ ಕುಡಿಯುವಾಗ ಕೇಳಿದರು. ಜಗಳದಿಂದ ಶುರುವಾಯಿತು, ಸ್ವಾಮಿ. ಜಗಳ ಮಾಡಿದವನು ನಾನೇ.

ನನ್ನ ಚಿಕ್ಕ ಮಗಳು ಆಗ ಆರನೇ ತರಗತಿ. ಗಣಿತದಲ್ಲಿ ನೂರಕ್ಕೆ ಹನ್ನೊಂದು. ನಾನು ಯೂನಿಫಾರ್ಮಿನಲ್ಲೇ, ಡ್ಯೂಟಿ ಮುಗಿಸಿದವನೇ ನೇರವಾಗಿ ಹೆಡ್‌ಮೇಡಂ ಕೋಣೆಗೆ ನುಗ್ಗಿದೆ. "ಏನು ಕಲಿಸ್ತೀರಿ ನೀವು? ಸಂಬಳ ಎಣಿಸೋಕೆ ಬರ್ತೀರಾ?" ಎಂದೆ. ಹೌದು, ಅದೇ ಮಾತು ಆಡಿದೆ. ಈಗ ನಗುತ್ತಿದ್ದಾರೆ ನೋಡಿ, ಅವತ್ತು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೂಗೋಕೆ ಬಂದಿದ್ರೆ ಕೂಗಿ, ಬೇಡ ಅನ್ನಲ್ಲ. ಆದ್ರೆ ನಾಳೆ ಒಂದು ಗಂಟೆ ಹಿಂದಿನ ಬೆಂಚಲ್ಲಿ ಕೂತು ಪಾಠ ನೋಡಿ. ಆಮೇಲೆ ಬಂದು ಕೂಗಿ. ಆಗ ಕೂಗಿದ್ದಕ್ಕೆ ಒಂದು ಬೆಲೆ ಇರತ್ತೆ" ಎಂದರು.

ಮರುದಿನ ಹೋಗಿ ಕುಳಿತೆ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಗಣಿತದ ಮೇಷ್ಟ್ರು ನನ್ನನ್ನು ಕಂಡು ಮುಖ ಗಂಟಿಕ್ಕಿದರು. "ಕಾವಲಿಗೆ ಬಂದ್ರಾ?" ಎಂದು ಕೇಳಿಯೂ ಬಿಟ್ಟರು. ಆದರೆ ಪಾಠ? ಪಾಠ ಚೆನ್ನಾಗಿತ್ತು, ಸಭಿಕರೇ! ನನಗೇ ಭಿನ್ನರಾಶಿ ಅರ್ಥವಾಯಿತು ಎಂದರೆ ಲೆಕ್ಕ ಹಾಕಿ. ಹಾಗಾದರೆ ನನ್ನ ಮಗಳಿಗೆ ಏಕೆ ಅರ್ಥವಾಗುತ್ತಿಲ್ಲ? ಪಕ್ಕದಲ್ಲೇ ಕುಳಿತು ನೋಡಿದೆ. ಅವಳು ಬೋರ್ಡಿನ ಕಡೆ ಕಣ್ಣೆತ್ತಲೇ ಇಲ್ಲ. ಮುಂದಿನ ಹುಡುಗಿಯ ಪುಸ್ತಕ ಇಣುಕಿ ಬರೆದುಕೊಳ್ಳುತ್ತಿದ್ದಳು.

"ಬೋರ್ಡ್ ನೋಡಮ್ಮ" ಎಂದು ಪಿಸುಗುಟ್ಟಿದೆ.

"ಬೋರ್ಡಲ್ಲಿ ಏನಿರತ್ತಪ್ಪ? ಬಿಳೀ ಗೀಟು ಅಷ್ಟೇ. ಮೇಷ್ಟ್ರು ಬಾಯಲ್ಲಿ ಹೇಳೋದೇ ಪಾಠ ಅಲ್ವಾ?"

ಗಂಟೆ ಮುಗಿದ ಮೇಲೆ ಕೂಗಲು ಹೆಡ್‌ಮೇಡಂ ಕೋಣೆಗೆ ಹೋಗಲಿಲ್ಲ, ಸೀದಾ ಡ್ಯೂಟಿಗೆ ಹೋದೆ.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಈ ವಿಷಯ ಹೇಳಿದೆ. ಬಡಿಸುತ್ತಿದ್ದ ನನ್ನ ದೊಡ್ಡ ಮಗಳು ಸೌಟು ಹಿಡಿದುಕೊಂಡೇ ನಿಂತಳು. "ಅಪ್ಪ, ನಂಗೂ ಹಾಗೇ ಇತ್ತು. ಎಲ್ಲರಿಗೂ ಹಾಗೇ ಕಾಣೋದು ಅಂದ್ಕೊಂಡಿದ್ದೆ. ಅವರಿಗೆ ಬುದ್ಧಿ ಇದೆ, ನಂಗಿಲ್ಲ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದಾಗಿದೆ, ಪೂರ್ತಿ ಹೇಳುತ್ತೇನೆ. ದೊಡ್ಡವಳು ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟಿದ್ದಳು. ಓದು ತಲೆಗೆ ಹತ್ತುವುದಿಲ್ಲ ಎಂದಳು. ನಾನೇನು ಮಾಡಿದೆ? "ಸರಿ, ಅಮ್ಮನಿಗೆ ಕೈಜೋಡಿಸು" ಎಂದೆ. ಒಂದು ದಿನ ಶಾಲೆಗೆ ಬಂದೆನೇ? ಯಾಕೆ ಎಂದು ಒಬ್ಬರನ್ನಾದರೂ ಕೇಳಿದೆನೇ? ಚಿಲ್ಲರೆ ಕಡಿಮೆ ಕೊಟ್ಟವರನ್ನು ಮೂರು ಸಲ ಕೇಳುವ ಮನುಷ್ಯ ನಾನು. ಮಗಳನ್ನು ಒಂದು ಸಲ ಕೇಳಲಿಲ್ಲ.

ಇಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇಬ್ಬರಿಗೂ ಕನ್ನಡಕ ಬಂತು. ದೊಡ್ಡವಳು ಹಾಕಿಕೊಂಡವಳೇ ನನ್ನ ಮುಖ ನೋಡಿ, "ಅಪ್ಪ, ನಿಮ್ಮ ತಲೆ ಇಷ್ಟೊಂದು ಯಾವಾಗ ಬೆಳ್ಳಗಾಯ್ತು?" ಎಂದಳು. ನಾನು ನಕ್ಕೆ. ಆಮೇಲೆ ಬಸ್ ಸ್ಟ್ಯಾಂಡಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ನಮ್ಮ ಮನೆಯಲ್ಲೇ ಇಬ್ಬರು. ಇಡೀ ಶಾಲೆಯಲ್ಲಿ ಎಷ್ಟು ಜನವೋ? ಹೆಡ್‌ಮೇಡಂ ಅವರನ್ನು ಕೇಳಿದೆ: ಪೋಷಕರ ಸಭೆ ಕರೆಯುವುದಿಲ್ಲವೇ? "ಕರೀತೀವಿ, ನಾಲ್ಕು ಜನ ಬರ್ತಾರೆ" ಎಂದರು. ಯಾವಾಗ? ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ! ಆ ಹೊತ್ತಿಗೆ ಬಿಡುವಾಗಿರುವುದು ಗೋಡೆ ಗಡಿಯಾರ ಮಾತ್ರ. ಭಾನುವಾರ ಇಡಿ, ಜನರನ್ನು ನಾನು ತರುತ್ತೇನೆ ಎಂದೆ. ಒಂದು ವಾರ ಪ್ರತಿ ಟ್ರಿಪ್ಪಿನಲ್ಲೂ ಟಿಕೆಟ್ ಹರಿದುಕೊಡುತ್ತ, "ಮಕ್ಕಳು ನಮ್ಮ ಶಾಲೇಲಿ ಓದ್ತಿದ್ದಾರಾ? ಭಾನುವಾರ ಬನ್ನಿ!" ಎಂದು ಕೂಗಿದೆ. ಡ್ರೈವರಣ್ಣ ತಲೆ ಚಚ್ಚಿಕೊಂಡ. ಅರವತ್ತಮೂರು ಜನ ಬಂದರು! ಕುರ್ಚಿ ಸಾಲದೆ ಮಕ್ಕಳ ಬೆಂಚಿನಲ್ಲಿ ಕುಳಿತರು. ಎಲ್ಲರ ಮೊಣಕಾಲೂ ಗಲ್ಲಕ್ಕೆ ತಾಗಿತು. ನನಗೆ ಎಂಥ ಸಂತೋಷ!

ಅಲ್ಲಿಂದ ಹಿಂದೆ ತಿರುಗಿ ನೋಡಲಿಲ್ಲ. ದಿನಕ್ಕೊಬ್ಬರು ಪೋಷಕರು ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂರಬೇಕು ಎಂದು ನಿಶ್ಚಯವಾಯಿತು. ಪೇಂಟರ್ ಒಬ್ಬರು ಕುಳಿತರು, ಬೋರ್ಡು ಮಾಸಿದೆ ಎಂದರು, ಮರುದಿನವೇ ಕಪ್ಪು ಬಳಿದರು. ಟೈಲರಮ್ಮ ಕುಳಿತರು, ಕಿಟಕಿಯ ಬಿಸಿಲು ಬೋರ್ಡಿಗೆ ಹೊಡೆಯುತ್ತಿದೆ ಎಂದರು, ಪರದೆ ಹೊಲಿದು ತಂದರು. ಎಲ್ಲ ಮಕ್ಕಳಿಗೂ ಕಣ್ಣಿನ ಪರೀಕ್ಷೆ ಆಯಿತು. ಮೂವತ್ತೊಂದು ಮಕ್ಕಳು ಬೋರ್ಡು ಕಾಣದೆಯೇ ಇಷ್ಟು ದಿನ ಪಾಸು ಫೇಲು ಆಗುತ್ತಿದ್ದರು. ವಿಜ್ಞಾನದ ಮೇಷ್ಟ್ರ ಹುದ್ದೆ ಮೂರು ವರ್ಷದಿಂದ ಖಾಲಿ ಇತ್ತು, ನಲವತ್ತು ಜನ ಶಿಕ್ಷಣ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿಗಳು, "ಇಷ್ಟು ಜನ ಯಾಕ್ರೀ? ಇಬ್ಬರು ಬಂದಿದ್ರೆ ಸಾಕಿತ್ತಲ್ಲ" ಎಂದರು. ನಮ್ಮ ಟೈಲರಮ್ಮ ಮೆಲ್ಲಗೆ, "ಇಬ್ಬರು ಮೂರು ಸಲ ಬಂದಿದ್ವಿ ಸಾರ್" ಎಂದರು. ತಿಂಗಳೊಳಗೆ ವಿಜ್ಞಾನದ ಮೇಷ್ಟ್ರು ಬಂದರು. ಅಗೋ, ಎರಡನೇ ಸಾಲಿನಲ್ಲಿ ನಾಚಿಕೊಂಡು ಕುಳಿತಿದ್ದಾರೆ. ಚಪ್ಪಾಳೆ ತಟ್ಟಿ!

ಇನ್ನು ಆ ಗಣಿತದ ಮೇಷ್ಟ್ರು. ಕಾವಲಿಗೆ ಬಂದಿರಾ ಎಂದವರು. ಒಂದು ದಿನ ನನ್ನ ಬಸ್ಸಿಗೇ ಹತ್ತಿ, "ನಿಮ್ಮ ದೊಡ್ಡ ಮಗಳನ್ನ ಸಂಜೆ ಕಳಿಸಿ. ಅವಳು ನಮ್ಮ ಶಾಲೇಲೇ ನನ್ನ ಮುಂದೆ ಮೂರು ವರ್ಷ ಕೂತಿದ್ಲು, ನಾನೂ ಕೇಳಲಿಲ್ಲ" ಎಂದರು. ಅವತ್ತು ಅವರಿಗೆ ಟಿಕೆಟ್ ಕೊಡಲು ನನಗೆ ಕೈ ಬರಲಿಲ್ಲ. ಕೊಟ್ಟೆ, ನಿಯಮ ನಿಯಮವೇ! ಒಂದೂವರೆ ವರ್ಷ ಅವರು ಪಾಠ ಹೇಳಿದರು. ಈ ಸಲ ನನ್ನ ದೊಡ್ಡ ಮಗಳು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಹತ್ತನೇ ತರಗತಿ ಪಾಸಾದಳು. ಗಣಿತದಲ್ಲಿ ಎಪ್ಪತ್ತನಾಲ್ಕು!

ತಂದೆತಾಯಿಗಳೇ, ಶಾಲೆ ಸರಿಯಿಲ್ಲ ಎಂದು ಹೊರಗೆ ನಿಂತು ನಾನೂ ಬೇಕಾದಷ್ಟು ಹೇಳಿದ್ದೇನೆ. ಒಳಗೆ ಬಂದು ಕುಳಿತ ಮೇಲೆ ಶಾಲೆಯೂ ಬದಲಾಯಿತು, ನಾನೂ ಬದಲಾದೆ. ಮುಂದಿನ ವರ್ಷದ ಪಟ್ಟಿ ಖಾಲಿ ಇದೆ. ವರ್ಷಕ್ಕೊಂದು ಗಂಟೆ ಕೊಡಿ, ಸಾಕು. ಹೊರಗೆ ಬಾಗಿಲ ಬಳಿ ಮೇಜು ಹಾಕಿಕೊಂಡು, ಹೆಸರು ಬರೆದುಕೊಳ್ಳಲು ಕನ್ನಡಕದ ಹುಡುಗಿಯೊಬ್ಬಳು ಕುಳಿತಿದ್ದಾಳೆ. "ಅಪ್ಪ, ಭಾಷಣದಲ್ಲಿ ನನ್ನ ಹೆಸರು ಹೇಳಿದ್ರೆ ನೋಡಿ" ಎಂದು ನಮ್ಮ ದೊಡ್ಡವಳು ಬೆಳಿಗ್ಗೆಯೇ ಎಚ್ಚರಿಸಿದ್ದಾಳೆ. ಹೇಳಿಲ್ಲ ಮಗಳೇ, ಹೆಸರು ಹೇಳಿಲ್ಲ.

ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟ ಮಕ್ಕಳಿಗೂ, ಬಾಗಿಲು ತೆರೆದಿಟ್ಟ ಗುರುಗಳಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೂ ನನ್ನ ಕೃತಜ್ಞತೆ. ಎಲ್ಲರಿಗೂ ನಮಸ್ಕಾರ.