ಎದೆಗೆ ಕಟ್ಟುವ ಬೆಲ್ಟು

ದುರ್ಗಿಗುಡಿ ಪೇಟೆಯಲ್ಲಿ ಸಾಕುಪ್ರಾಣಿಗಳ ಸಾಮಾನಿನ ಅಂಗಡಿ. ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಆಕೆಯ ಸೆರಗಿನೊಳಗೆ ಅಂಗೈಯಗಲದ ಚಿವಾವಾ ನಾಯಿಮರಿ ಕೆಮ್ಮುತ್ತಿತ್ತು.

"ಅಂಗಡಿಯವನು ಕೇಳಿದ್ರೆ ಪಕ್ಕದ ಮನೆ ಮರಿ ಅಂತ ಹೇಳು ವಿಮಲಾ."

"ಬೆಲ್ಟ್‌ನ ನಮ್ಮ ಭದ್ರಾವತೀಲೇ ತಗೋಬಹುದಿತ್ತಲ್ರೀ."

"ಅಲ್ಲಿ ಎಲ್ಲರಿಗೂ ನನ್ನ ಗುರುತಿದೆ. ಮರಿಗೆ ಏನಾಯ್ತು ಅಂತ ಕೇಳ್ತಾರೆ."

"ಕೇಳಲಿ. ಕತ್ತಿನ ಬೆಲ್ಟ್ ಹಿಡಿದು ಜಗ್ಗಿದೋರು ನೀವೇ ತಾನೆ?"

"ಎಷ್ಟು ಕರೆದ್ರೂ ಬರಲಿಲ್ಲ. ಸಿಟ್ಟು ಬಂತು ಕಣೆ."

ಅಂಗಡಿಯವನು ಎದುರು ಬಂದು ಏನು ಬೇಕೆಂದು ಕೇಳಿದ. ಯಜಮಾನರು ತಲೆ ತಗ್ಗಿಸಿದರು.

"ಎದೆಗೆ ಮೆತ್ತಗೆ ಕೂರೋದು ಕೊಡಪ್ಪ. ಕತ್ತಿಗೆ ತಾಗಬಾರದು. ನಾನೇ ಎಳೆದು ನೋವು ಮಾಡಿದೀನಿ."

"ಇದು ಸರಿಹೋಗುತ್ತೆ, ಮರಿ ನುಣುಚಿಕೊಳ್ಳಲ್ಲ. ನೀವೇ ಹಾಕಿ ನೋಡಿ ಸರ್."

"ಬೇಡ. ನನ್ನ ಕೈ ಕಂಡ್ರೆ ಮರಿ ನಡುಗುತ್ತೆ. ಅವಳು ಹಾಕಲಿ."

ಹೊಸ ಬೆಲ್ಟ್ ತೊಟ್ಟ ಮರಿ ಆಕೆಯ ಜೊತೆ ಪುಟುಪುಟು ಹೊರಟಿತು. ಅದಕ್ಕೆ ಕಾಣದಷ್ಟು ಹಿಂದೆ ಅವರು ನಡೆದರು.