ನೂರಕ್ಕೆ ನಾಲ್ಕು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು ಕೂತಿದ್ದರು. ಹುಡುಗಿಯ ತೊಡೆಯ ಮೇಲೆ ಗಣಿತದ ಪುಸ್ತಕ.

“ಅಜ್ಜಿ, ಎರಡು ಹಸು ಒಂದೇ ರೇಟಿಗೆ ಮಾರ್ತೀಯ. ಒಂದ್ರಲ್ಲಿ ನೂರಕ್ಕೆ ಇಪ್ಪತ್ತು ಲಾಭ, ಇನ್ನೊಂದ್ರಲ್ಲಿ ನೂರಕ್ಕೆ ಇಪ್ಪತ್ತು ಲಾಸು. ಕೊನೆಗೆ ಏನಾಯ್ತು?”

“ಇನ್ನೇನು, ಅಲ್ಲಿಗಲ್ಲಿಗೆ ಸರಿಹೋಯ್ತು.”

“ನಾನೂ ಹಂಗೇ ಬರ್ದಿದ್ದೆ. ಮಿಸ್ ತಪ್ಪು ಹಾಕಿದ್ರು. ಲಾಸೇ ಆಗೋದು.”

“ಅದೆಂಗಾಯ್ತದೆ?”

“ಒಂದೊಂದೂ ಇಪ್ಪತ್ನಾಕು ಸಾವಿರಕ್ಕೆ ಮಾರ್ದೆ ಅಂದ್ಕೋ. ಲಾಭದ್ದು ತಂದಿದ್ದು ಇಪ್ಪತ್ತಕ್ಕೆ, ನಾಕು ಬಂತು. ಲಾಸಿಂದು ತಂದಿದ್ದು ಮೂವತ್ತಕ್ಕೆ, ಆರು ಹೋಯ್ತು.”

ಅಜ್ಜಿ ಬೆರಳು ಮಡಿಸಿ ನೋಡಿದರು. “ಎರಡು ಸಾವಿರ ಹೋಯ್ತಲ್ಲೇ!”

“ಯಾವ ರೇಟಿಗೆ ಮಾರಿದ್ರೂ ನೂರಕ್ಕೆ ನಾಕು ಹೋಗೇ ಹೋಗುತ್ತೆ.”

“ಕುರಿ ಮಾರಿದ್ರೂನಾ?”

“ಕುರಿ, ಸೈಟು, ಏನಾದ್ರೂ.”

“ಅಯ್ಯೋ ಶಿವ್ನೇ! ಯಾರೂ ನುಂಗ್ದೇನೇ ದುಡ್ಡು ಹೋಯ್ತದಾ?”

“ಹೂಂ. ಲೆಕ್ಕನೇ ಹಂಗೆ.”

ಅಜ್ಜಿ ಆ ಪುಟವನ್ನು ಮೆಲ್ಲಗೆ ಸವರಿದರು, ದೇವರ ಪಟ ಮುಟ್ಟುವ ಹಾಗೆ.

“ನನ್ನ ತಮ್ಮ ಮುನಿಕೃಷ್ಣನ ಕೈಲೇ ಹಸು ತರ್ಸಿ, ಅವನ ಕೈಲೇ ಮಾರ್ಸಿದ್ದೆ ಕಣೇ. ಜೋಡಿ ಅಂತ ಎರಡ್ಕೂ ಒಂದೇ ರೇಟು. ಅವನೂ ಇದೇ ಇಪ್ಪತ್ತು, ಇಪ್ಪತ್ತು ಅಂದ. ಅಸಲಲ್ಲಿ ಎರಡು ಸಾವಿರ ಕಮ್ಮಿ ಬಂತು. ನುಂಗ್ಬಿಟ್ಟ ಅಂತ ಅವನ ಹೊಸ್ಲು ತುಳೀಲಿಲ್ಲ ನಾನು.”

ಬಸ್ಸು ಬಂತು. ಹುಡುಗಿ ಎದ್ದಳು. “ಅಜ್ಜಿ, ನಮ್ಮೂರಿಂದು!”

“ಅದು ಹೋಗ್ಲಿ. ನಿಮ್ಮ ಮುನಿಕೃಷ್ಣ ತಾತನ ಊರಿಂದು ಎಲ್ಲಿ ನಿಲ್ತದೆ ನೋಡು. ಅವನ ಮುಂದೆ ಇದನ್ನೇ ಇನ್ನೊಂದ್ಸಲ ಹೇಳು.”

ಮೊಮ್ಮಗಳ ಕೈ ಹಿಡಿದು ಬೆಳವಂಗಲದ ಬಸ್ಸಿನ ಕಡೆ ನಡೆದರು.