ಐದನೆಯ ಕತ್ತರಿಯ ಎಂಟು ಗುರುತುಗಳು

ಪೂಜ್ಯ ಗುರುಗಳೇ, ಮಾಡಿನ ದುರಸ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ, ಹೊಸ ಅಂಗಿಯೊಳಗೆ ಮುಜುಗರಪಡುತ್ತ ಕುಳಿತಿರುವ ನನ್ನ ಅಣ್ಣನೇ, ಹಿಂದಿನ ಸಾಲಿನಲ್ಲಿ ಇನ್ನೂ ಮಾತು ಮುಗಿಸದಿರುವ ಸಭಿಕರೇ,

ಈ ಚರ್ಚಿನ ಮಾಡನ್ನು, ನಮ್ಮ ತಲೆಯ ಮೇಲಿನ ಈ ಛಾವಣಿಯನ್ನು, ಎರಡು ವರ್ಷ ದುಡಿದು ಉಳಿಸಿಕೊಟ್ಟ ನನ್ನ ಅಣ್ಣನಿಗೆ ಇಂದು ಸನ್ಮಾನ. ಅಭಿನಂದನಾ ಪತ್ರವನ್ನು ಓದುವ ಕೆಲಸ ನನ್ನದು. ಮೊನ್ನೆ ಸಮಿತಿಯ ಕಾರ್ಯದರ್ಶಿಗಳು ಅದನ್ನು ಮನೆಗೆ ತಂದುಕೊಟ್ಟು, "ಟೀಚರ್, ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾಕು" ಎಂದರು. ಸುಮ್ಮನೆ ಕಣ್ಣಾಡಿಸುವುದು ನನಗೆ ಬಾರದ ವಿದ್ಯೆ. ಮೂರು ಕಾಗುಣಿತದ ತಪ್ಪುಗಳಿದ್ದವು, ಕ್ರಿಯಾಪದವೇ ಇಲ್ಲದ ವಾಕ್ಯವೊಂದಿತ್ತು. ತಿದ್ದಿದ್ದೇನೆ. ಕಾರ್ಯದರ್ಶಿಗಳು ನನ್ನ ವಿದ್ಯಾರ್ಥಿಯೇ ಆಗಿದ್ದುದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ.

ಆದರೆ ನಾಲ್ಕನೆಯ ಸಾಲು ಬೇರೆಯದೇ ಕಥೆ. "ನೇರ ತೂತಿನ ಮೇಸ್ತ್ರಿ ಎಂದು ಎಲ್ಲರೂ ಪ್ರೀತಿಯಿಂದ ಕರೆಯುವ" ಎಂದಿದೆ. ಈ ಹಾಳೆಗೆ ಗಾಜು ಹಾಕಿಸಿ ಬಾಗಿಲ ಪಕ್ಕದಲ್ಲಿ ತೂಗುಹಾಕುತ್ತಾರಂತೆ. ನನ್ನ ನಂತರವೂ, ಅಣ್ಣನ ನಂತರವೂ ಅದು ಅಲ್ಲಿರುತ್ತದೆ. ಆ ಹೆಸರು ಹೇಗೆ ಬಂತೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ. ಯಾರೂ ಇಲ್ಲ. ಹಾಗಾದರೆ ಪಾಠ ಮೊದಲಿನಿಂದಲೇ ಆಗಬೇಕು.

ದಯವಿಟ್ಟು ಮೇಲೆ ನೋಡಿ. ಇಳಿಜಾರಾಗಿ ಎರಡು ತೊಲೆಗಳು, ಅವುಗಳ ನಡುವೆ ಅಡ್ಡತೊಲೆ, ಕೆಳಗೆ ಎರಡು ಊರೆಗೋಲುಗಳು. ಇಷ್ಟು ಸೇರಿದರೆ ಒಂದು 'ಕತ್ತರಿ.' ನಮ್ಮ ಮನೆಯ ಮಾತಿನಲ್ಲಿ ಹಾಗೆ ಹೇಳುತ್ತಿದ್ದರು. ಅಂಥ ಹನ್ನೊಂದು ಕತ್ತರಿಗಳು ಇನ್ನೂರು ವರ್ಷದಿಂದ ಈ ಮಾಡನ್ನು ಹೊತ್ತಿವೆ. ಇವುಗಳಲ್ಲಿ ಕಬ್ಬಿಣದ ಒಂದೇ ಒಂದು ಮೊಳೆಯಿಲ್ಲ. ಒಂದು ಮರದ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಆ ನಾಲಿಗೆ ಕೂರುವ ಕುಳಿ, ಎರಡಕ್ಕೂ ಅಡ್ಡಲಾಗಿ ತೂತು ಕೊರೆದು ಬಡಿದ ಮರದ ಗೂಟ, ಇಷ್ಟೇ.

ಆ ತೂತುಗಳು ಒಂದರ ನೇರಕ್ಕೆ ಇನ್ನೊಂದು ಇರಬೇಕಲ್ಲವೇ? ನೀವು ತಲೆಯಾಡಿಸುತ್ತಿದ್ದೀರಿ. ನಾನೂ ಹಾಗೆಯೇ ತಿಳಿದಿದ್ದೆ. ಇರಬಾರದು. ನಾಲಿಗೆಯ ತೂತು ಒಂದು ಅಕ್ಕಿಕಾಳಿನಷ್ಟು ಒಳಕ್ಕೆ ಸರಿದಿರಬೇಕು. ಆಗ ಗೂಟ ಒದ್ದಾಡಿಕೊಂಡು, ನರಳಿಕೊಂಡು ಒಳಗೆ ಹೋಗುತ್ತದೆ. ಹೋಗುತ್ತ ಎರಡು ಮರಗಳನ್ನು ಒಂದಕ್ಕೊಂದು ಬಿಗಿದೆಳೆಯುತ್ತದೆ. ಮರ ಒಣಗಿ ಸೊರಗಿದರೂ ಆ ಬಿಗಿ ಬಿಡುವುದಿಲ್ಲ.

ನಲವತ್ತೆಂಟು ವರ್ಷಗಳ ಹಿಂದೆ ಐದನೆಯ ಕತ್ತರಿ ಗೆದ್ದಲಿಗೆ ತುತ್ತಾಗಿತ್ತು. ಹೊಸದನ್ನು ಮಾಡಲು ನಮ್ಮ ತಂದೆಯವರನ್ನು ಕರೆಸಿದ್ದರು. ಅವರಿಗೆ ಕಣ್ಣು ಮಂಜಾಗತೊಡಗಿತ್ತು. ಇದು ಮುಗಿದ ಮೇಲೆ ಮಾಡಿನ ಕೆಲಸವನ್ನೆಲ್ಲ ಅಣ್ಣನ ಕೈಗೊಪ್ಪಿಸುವುದೆಂದು ಅವರು ನಿಶ್ಚಯಿಸಿದ್ದರು. ಅಣ್ಣನಿಗೆ ಇಪ್ಪತ್ತನಾಲ್ಕು. ನನಗೆ ಇಪ್ಪತ್ತೊಂದು, ಶಿಕ್ಷಕರ ತರಬೇತಿಯಲ್ಲಿ ಮೊದಲ ದರ್ಜೆ. ನೆಲಕ್ಕೆ ಕಾಲು ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಳಕ್ಕೆ ಬಂದೆ. ಇಬ್ಬರೂ ಕೈ ತೊಳೆಯಲು ಹೋಗಿದ್ದರು. ತೊಲೆಗಳನ್ನು ಸಾಲಾಗಿ ಮಲಗಿಸಿದ್ದರು. ನಾಲಿಗೆಗಳ ಮೇಲೆ ತಂದೆಯವರ ದಪ್ಪ ಸೀಮೆಸುಣ್ಣದ ಗುರುತುಗಳಿದ್ದವು. ಕುಳಿಯ ಮರಗಳಲ್ಲಿ ಮೊದಲೇ ಕೊರೆದಿದ್ದ ತೂತುಗಳಿಗೆ ಹೋಲಿಸಿ ಅಳೆದು ನೋಡಿದೆ: ಎಂಟಕ್ಕೆ ಎಂಟೂ ಸರಿದಿವೆ! 'ಪಾಪ, ಅಪ್ಪನಿಗೆ ಕಣ್ಣು ಕಾಣಿಸುತ್ತಿಲ್ಲ' ಎಂದುಕೊಂಡೆ. ಕೇಳಿದರೆ ನೊಂದುಕೊಳ್ಳುತ್ತಾರೆಂದು ಕೇಳಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಿಂದ ಅಡಿಕೋಲನ್ನೂ ಚೂಪಾದ ಪೆನ್ಸಿಲನ್ನೂ ತೆಗೆದು, ಆ ತೂತುಗಳಿಗೆ ಸರಿನೇರವಾಗಿ, ಕೂಡಿಸುವ ಚಿಹ್ನೆಯಂಥ ಎಂಟು ಪುಟ್ಟ ಗೀಟುಗಳನ್ನು ಎಳೆದೆ. ಬಹಳ ಅಂದವಾಗಿ ಎಳೆದೆ.

ಊಟವಾದ ಮೇಲೆ ಅಣ್ಣ ಬೈರಿಗೆ ಹಿಡಿದು, ಗುರುತು ಇದ್ದಲ್ಲಿ ಕೊರೆದ. ಗುರುತು ಹಾಕುವವರು ತಂದೆ, ಕೊರೆಯುವವನು ಅವನು. ಪ್ರಶ್ನೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ.

ಮರುದಿನ ನಾನು ತಂದ ಊಟ ಮುಗಿಸಿ ಗೂಟ ಬಡಿದರು. ಎರಡೇ ಏಟಿಗೆ, ಬೆಣ್ಣೆಗೆ ಬೆರಳಿಟ್ಟಂತೆ ಒಳಗೆ ಹೋಯಿತು. ತಂದೆಯವರು ಕೊಡತಿ ಕೆಳಗಿಟ್ಟರು. ಅವರಿಗೆ ಕಣ್ಣು ಮಂಜಾಗಿತ್ತು, ಕಿವಿಯಲ್ಲ.

"ಇದು ಯಾರೋ ಕೊರೆದಿದ್ದು?"

"ನಾನೇ ಅಪ್ಪಾ."

"ಗುರುತು ನೋಡ್ಲಿಲ್ವೇನೋ? ಕಣ್ಣು ನಂಗೆ ಹೋಗಿದ್ಯೋ ನಿಂಗೆ ಹೋಗಿದ್ಯೋ?"

ಅಣ್ಣ ಗೂಟ ಕಿತ್ತು, ನಾಲಿಗೆಯನ್ನು ಹೊರಗೆಳೆದು ಬಗ್ಗಿ ನೋಡಿದ. ತೂತಿನ ಸುತ್ತ ನನ್ನ ಗೀಟಿನ ನಾಲ್ಕು ತುದಿಗಳು ಉಳಿದಿದ್ದವು. ಅಷ್ಟು ತೆಳ್ಳಗಿನ ಗೆರೆ ತಂದೆಯವರಿಗೆ ಕಾಣುವಂತಿರಲಿಲ್ಲ. ಅವನಿಗೆ ಕಂಡಿತು. ಅಂಥ ಪೆನ್ಸಿಲು ಮನೆಯಲ್ಲಿ ಯಾರ ಬಳಿ ಇದೆಯೆಂದೂ ಗೊತ್ತಿತ್ತು. ನನ್ನ ಕಡೆಗೊಮ್ಮೆ ನೋಡಿದ.

"ತಪ್ಪಾಯ್ತಪ್ಪಾ" ಎಂದ.

ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ.

ತಂದೆಯವರು ಆ ತೂತುಗಳನ್ನೆಲ್ಲ ಮರದ ತುಂಡುಗಳಿಂದ ತುಂಬಿಸಿ, ಹೊಸದಾಗಿ ತಾವೇ ಕೊರೆದರು. ಮಾಡಿನ ಕೆಲಸ ಚಿಕ್ಕಪ್ಪನ ಮಗನ ಪಾಲಾಯಿತು. ಅಣ್ಣ ಹನ್ನೊಂದು ವರ್ಷ ಕಿಟಕಿ, ಬಾಗಿಲು, ಮೇಜಿನ ಕಾಲು ಮಾಡಿದ. ಬೀದಿಯಲ್ಲಿ ಹೋದರೆ, "ಏನ್ ನೇರ ತೂತಿನ ಮೇಸ್ತ್ರಿಗಳೇ, ಸೂಜಿಗೂ ತೂತು ಹಾಕ್ಕೊಡ್ತೀರಾ?" ಎಂದು ಕೂಗುತ್ತಿದ್ದರು. ಹನ್ನೊಂದನೆಯ ವರ್ಷ ತಂದೆಯವರು ತೀರಿಕೊಂಡಾಗಲೂ ಮಗನ ಕೈಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ; ಅಣ್ಣ ಮತ್ತೆ ಮಾಡಿನ ಕೆಲಸಕ್ಕೆ ಕೈ ಹಾಕಿದ್ದು ಆಮೇಲೆಯೇ. ಆ ಹನ್ನೊಂದು ವರ್ಷಗಳಲ್ಲಿ ಒಂದು ದಿನವಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಗ ನಾನು ತರಗತಿಯಲ್ಲಿ, ತಪ್ಪು ಮಾಡಿದವರು ಎದ್ದು ನಿಲ್ಲಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದೆ.

ಅಣ್ಣ ಸನ್ನೆ ಮಾಡುತ್ತಿದ್ದಾನೆ, ಕೂತುಕೋ ಎಂದು. ಇಲ್ಲ ಅಣ್ಣಾ, ನಾನು ಇನ್ನೂ ಮುಗಿಸಿಲ್ಲ.

ಕಳೆದ ತಿಂಗಳು ಐದನೆಯ ಕತ್ತರಿಯನ್ನು ಬಿಚ್ಚಿದಾಗ, ಮೊಣಕಾಲು ಬೇಡವೆಂದರೂ ನಾನು ಅಟ್ಟಣಿಗೆ ಹತ್ತಿದೆ. ಕತ್ತಲ ಕುಳಿಯೊಳಗಿದ್ದ ನಾಲಿಗೆಯ ಮೇಲೆ ಪೆನ್ಸಿಲ್ ಗೆರೆಗಳು ನಿನ್ನೆ ಎಳೆದಂತಿದ್ದವು. ಇಂಜಿನಿಯರ್ ಸಾಹೇಬರು ಬೆರಗಾಗಿ, "ಎಷ್ಟು ನೀಟಾಗಿದೆ ಮೇಸ್ತ್ರಿ! ಯಾರು ಹಾಕಿದ್ದು ಇದನ್ನ?" ಎಂದು ಕೇಳಿದರು. ನಾನು ಪಕ್ಕದಲ್ಲಿಯೇ ಇದ್ದೆ. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ.

"ಗೊತ್ತಿಲ್ಲ ಸಾರ್. ಯಾರೋ ಓದ್ದೋರು" ಎಂದ.

ಆದುದರಿಂದ ಮಾನ್ಯ ಅಧ್ಯಕ್ಷರೇ, ನಾಲ್ಕನೆಯ ಸಾಲನ್ನು ನಾನು ಓದುವುದಿಲ್ಲ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ, "ಆ ಎಂಟು ಗುರುತುಗಳನ್ನು ಬದಲಿಸಿದವಳು ಇವರ ತಂಗಿ" ಎಂದು ಬರೆದು ಸಹಿ ಮಾಡಿದ್ದೇನೆ. ಚೊಕ್ಕದಾಗಿ ಹೊಸ ಪ್ರತಿ ಮಾಡಿಸುತ್ತೇವೆಂದು ನೀವು ಹೇಳಬಹುದು. ಬೇಡ. ಇದನ್ನೇ, ಹೀಗೆಯೇ, ಗಾಜು ಹಾಕಿಸಿ ತೂಗುಹಾಕಿ. ಗೋಡೆಯಲ್ಲಿ ಮೊಳೆ ಎಲ್ಲಿ ಬರಬೇಕೆಂಬ ಗುರುತನ್ನು ಮಾತ್ರ ಅಣ್ಣನೇ ಹಾಕಲಿ. ನನ್ನ ಕಣ್ಣಿಗೆ ಅದು ಸೊಟ್ಟಗೆ ಕಂಡರೂ ನಾನು ಮುಟ್ಟುವುದಿಲ್ಲ.

ಇಷ್ಟು ಹೊತ್ತು ಕತ್ತೆತ್ತಿ ಮಾಡು ನೋಡುತ್ತ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಇನ್ನು ಕತ್ತು ಇಳಿಸಬಹುದು. ಮೊದಲು ಅಣ್ಣನಿಗೆ, ಆಮೇಲೆ ಸಭೆಗೆ, ನಮಸ್ಕಾರ.